ಹಾಡಿನ ಪಟ್ಟಿಗೊಂದು ಷರಾ, ಅದರ ಕೆಳಗೊಂದು ಸಹಿ

ಡಿಸೆಂಬರ್ ಬಂತೆಂದರೆ ಪಟ್ಟಿಗಳ ಕಾಲ. ವರ್ಷದ ಹತ್ತು ಪುಸ್ತಕ, ವರ್ಷದ ಹತ್ತು ಚಲನಚಿತ್ರ, ವರ್ಷದ ಹತ್ತು ಹಾಡು. ಪತ್ರಿಕೆಗಳ ಪುರವಣಿಗಳೂ ರೇಡಿಯೊ ಕೇಂದ್ರಗಳೂ ಈ ಕೆಲಸವನ್ನು ವ್ರತದಂತೆ ನಡೆಸಿಕೊಂಡು ಬಂದಿವೆ. ಇದನ್ನು ಮನರಂಜನೆಯ ಪುಟಕ್ಕೆ ಸೇರಿದ ಸಂಗತಿಯೆಂದು ಬದಿಗಿಡುವುದು ಸುಲಭ. ಆದರೆ ಸಾರ್ವಜನಿಕ ಸೊತ್ತಾದ ತರಂಗಾಂತರದ ಮೇಲೆ ಯಾವ ಹಾಡು ಕೇಳಿಸಬೇಕು, ಯಾವುದು ಕೇಳಿಸಬಾರದು ಎಂಬುದನ್ನು ನಿರ್ಧರಿಸುವವರು ಯಾರು, ಅವರು ಯಾರಿಗೆ ಉತ್ತರದಾಯಿಗಳು ಎಂಬ ಪ್ರಶ್ನೆ ಈ ಪಟ್ಟಿಗಳ ಹಿಂದೆ ಅಡಗಿದೆ. ಆ ಕಾರಣಕ್ಕಾಗಿಯೇ ಇದು ಸಂಪಾದಕೀಯ ಪುಟದಲ್ಲಿ ಚರ್ಚೆಗೆ ಅರ್ಹವಾದ ವಿಷಯವೆಂದು ನಾನು ಭಾವಿಸಿದ್ದೇನೆ.

ನನ್ನ ತಲೆಮಾರಿನವರಿಗೆ ವರ್ಷಾಂತ್ಯದ ಪಟ್ಟಿ ಎಂದರೆ ಬಿನಾಕಾ ಗೀತ್‌ಮಾಲಾ. 1970ರ ದಶಕದಲ್ಲಿ ಕಡೂರಿನಂಥ ಸಣ್ಣ ಊರಿನಲ್ಲಿ ಬುಧವಾರ ರಾತ್ರಿ ಎಂಟಾದರೆ, ಹಿಂದಿ ಸರಿಯಾಗಿ ಬಾರದ ನಾವು ಹುಡುಗರು ಮೇಷ್ಟ್ರ ಮನೆಯ ಜಗಲಿಯಲ್ಲಿ ಸೇರಿ, ಗೊರಗೊರ ಸದ್ದಿನ ನಡುವೆ ರೇಡಿಯೊ ಸಿಲೋನ್‌ಗೆ ಕಿವಿಗೊಡುತ್ತಿದ್ದೆವು. ವರ್ಷದ ಕೊನೆಯಲ್ಲಿ ಅಮೀನ್ ಸಯಾನಿ ಓದುತ್ತಿದ್ದ ವಾರ್ಷಿಕ ಪಟ್ಟಿಯನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು, ಮರುದಿನ ಶಾಲೆಯಲ್ಲಿ ಅದರ ಮೇಲೆ ವಾದಕ್ಕೆ ನಿಲ್ಲುತ್ತಿದ್ದೆವು. 2024ರ ಫೆಬ್ರುವರಿಯಲ್ಲಿ ಸಯಾನಿ ತೀರಿಕೊಂಡಾಗ ಆ ಹಾಳೆಗಳು ನೆನಪಾದವು.

ಕಳೆದ ವರ್ಷ, ನಗರದ ಒಂದು ಎಫ್‌ಎಂ ಕೇಂದ್ರದಲ್ಲಿ ನಿರೂಪಕಿಯಾಗಿರುವ ಪರಿಚಿತರ ಮಗಳೊಬ್ಬಳನ್ನು ಸಹಜವಾಗಿ ಕೇಳಿದೆ: ‘ಈ ವರ್ಷ ಬಂದ ಹಾಡುಗಳಲ್ಲಿ ನಿನಗೆ ಹಿಡಿಸಿದ ಹತ್ತು ಯಾವುವಮ್ಮ?’ ಆಕೆ ತಡಮಾಡದೆ ಹೇಳಿದಳು. ಅವುಗಳಲ್ಲಿ ಆರೇಳು ನಾನು ಎಂದೂ ಕೇಳಿರದ ಹಾಡುಗಳು. ಎರಡು ತತ್ವಪದದ ಧಾಟಿಯವು, ಒಂದು ಉತ್ತರ ಕರ್ನಾಟಕದ ಯುವಕರ ತಂಡದ್ದು. ‘ಇವನ್ನು ನಿನ್ನ ಕಾರ್ಯಕ್ರಮದಲ್ಲಿ ಯಾವಾಗ ಹಾಕಿದ್ದೆ?’ ಎಂದೆ. ‘ಹಾಡು ನಾನು ಆರಿಸೋದಲ್ಲ ಅಂಕಲ್, ಪಟ್ಟಿ ಮೊದಲೇ ಕಂಪ್ಯೂಟರ್‌ಗೆ ಬಂದಿರುತ್ತೆ. ನಡುನಡುವೆ ಮಾತಾಡೋದಷ್ಟೇ ನನ್ನ ಕೆಲಸ’ ಎಂದಳು. ದೂರಿನ ದನಿಯೇನೂ ಇರಲಿಲ್ಲ. ಕಚೇರಿಯ ನಿಯಮವೊಂದನ್ನು ತಿಳಿಸಿದಂತಿತ್ತು.

ಮೂವತ್ತಕ್ಕೂ ಹೆಚ್ಚು ವರ್ಷ ಕಡತಗಳ ನಡುವೆ ಕಳೆದ ನನಗೆ ಈ ಮಾತು ಹೊಸತಾಗಿ ಕೇಳಿಸಲಿಲ್ಲ. ವಿಷಯ ಬಲ್ಲವನ ಕೈಯಲ್ಲಿ ತೀರ್ಮಾನವಿಲ್ಲ, ತೀರ್ಮಾನ ಕೈಗೊಳ್ಳುವವನ ಹೆಸರು ಹೊರಗೆ ಕಾಣುವುದಿಲ್ಲ. ಆಡಳಿತದಲ್ಲಿ ಈ ಪರಿಸ್ಥಿತಿಯ ಫಲವೇನೆಂಬುದನ್ನು ನಾವು ಬಲ್ಲೆವು. ಸಂಗೀತ ಪ್ರಸಾರದಲ್ಲಿಯೂ ಅದರ ಫಲ ಬೇರೆಯಾಗಿಲ್ಲ.

ಈ ಸ್ಥಿತಿ ಹೇಗೆ ಬಂತೆಂದು ತಿಳಿಯಲು 1952ನೇ ಇಸವಿಗೆ ಹೋಗಬೇಕು. ಆ ಒಂದೇ ವರ್ಷದಲ್ಲಿ ಮೂರು ಸಂಗತಿಗಳು ನಡೆದವು. ಮೊದಲನೆಯದಾಗಿ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದ ಬಿ.ವಿ. ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ತಡೆಯೊಡ್ಡಿದರು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಬೇಕೆಂಬುದು ಅವರ ಸಂಕಲ್ಪ. ಎರಡನೆಯದಾಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕೊಲಂಬೊದಿಂದ, ಮಹಾಯುದ್ಧದ ಕಾಲದಲ್ಲಿ ಸ್ಥಾಪಿತವಾದ ಪ್ರಬಲ ಪ್ರಸಾರ ಯಂತ್ರದ ನೆರವಿನಿಂದ, ಗೀತ್‌ಮಾಲಾ ಆರಂಭವಾಯಿತು. ಸರ್ಕಾರ ಬಾಗಿಲು ಮುಚ್ಚಿದ ಹಾಡುಗಳು ಸಮುದ್ರ ದಾಟಿ ಮನೆಯೊಳಗೆ ಬಂದವು. ಕೇಳುಗರನ್ನು ಮರಳಿ ಕರೆತರಲು ಆಕಾಶವಾಣಿಯು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನೇ ಆರಂಭಿಸಬೇಕಾಯಿತು.

ಮೂರನೆಯ ಸಂಗತಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳ ಹೊರತು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಪೀಟರ್ ಸ್ಟೈನರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1952ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ಪತ್ರಿಕೆಯಲ್ಲಿ ರೇಡಿಯೊ ಪೈಪೋಟಿಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರ ತರ್ಕವನ್ನು ಸರಳ ಲೆಕ್ಕದಲ್ಲಿ ಹೀಗೆ ಹೇಳಬಹುದು. ಒಂದು ಊರಿನಲ್ಲಿ 100 ಕೇಳುಗರಿದ್ದಾರೆ. 80 ಮಂದಿಗೆ ಒಂದು ಬಗೆಯ ಹಾಡು ಇಷ್ಟ, 20 ಮಂದಿಗೆ ಇನ್ನೊಂದು ಬಗೆಯದು. ಒಂದೇ ಕೇಂದ್ರವಿದ್ದರೆ ಅದು 80 ಮಂದಿಯ ಹಾಡನ್ನೇ ಹಾಕುತ್ತದೆ. ಎರಡನೆಯ ಕೇಂದ್ರವೂ ಅದನ್ನೇ ಹಾಕುತ್ತದೆ. ಏಕೆಂದರೆ 80ರಲ್ಲಿ ಅರ್ಧ ಪಾಲು, ಅಂದರೆ 40, ಉಳಿದ 20ಕ್ಕಿಂತ ಹೆಚ್ಚು. ಮೂರನೆಯದಕ್ಕೂ ಸುಮಾರು 27 ಮಂದಿ ಸಿಗುತ್ತಾರೆ. ನಾಲ್ಕನೆಯದಕ್ಕೆ ಎರಡು ದಾರಿಯಲ್ಲೂ 20. ಐದನೆಯ ಕೇಂದ್ರ ಬರುವವರೆಗೂ ಆ 20 ಮಂದಿಯ ಹಾಡು ಗಾಳಿಗೆ ಬರುವ ಭರವಸೆಯಿಲ್ಲ. ಪೈಪೋಟಿಯಿಂದ ವೈವಿಧ್ಯ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ರೇಡಿಯೊದ ಮಟ್ಟಿಗೆ ನಿಜವಲ್ಲ. ಇದಕ್ಕೆ ಬದಲಾಗಿ, ಎಲ್ಲ ಕೇಂದ್ರಗಳೂ ಒಬ್ಬನದೇ ಆಗಿದ್ದರೆ ಆತ ಒಂದರಲ್ಲಿ 80 ಮಂದಿಯ ಹಾಡನ್ನೂ ಮತ್ತೊಂದರಲ್ಲಿ 20 ಮಂದಿಯದನ್ನೂ ಹಾಕಿ ನೂರು ಮಂದಿಯನ್ನೂ ಹಿಡಿದಿಡಬಲ್ಲನೆಂದು ಸ್ಟೈನರ್ ವಾದಿಸಿದರು.

ಆದರೆ ಏಕಸ್ವಾಮ್ಯ ಹೊಂದಿದವನಿಗೆ ಕೇಳುಗರು ಬೇಕೆಂಬ ಗರಜು ಇರಬೇಕು. ಕೇಸ್ಕರ್ ಕಾಲದ ಆಕಾಶವಾಣಿಗೆ ಅದು ಇರಲಿಲ್ಲ. ಹಾಗಾಗಿ ಏಕಸ್ವಾಮ್ಯವು 80 ಮಂದಿಯನ್ನು ಕೈಬಿಟ್ಟಿತು, ಪೈಪೋಟಿಯು 20 ಮಂದಿಯನ್ನು ಕೈಬಿಡುತ್ತದೆ. ನಮ್ಮ ದೇಶ ಈ ಎರಡು ತುದಿಗಳನ್ನೂ ಅರ್ಧ ಶತಮಾನದೊಳಗೆ ಕಂಡಿದೆ.

ಎರಡನೆಯ ತುದಿಗೆ ನಾವು ತಲುಪಿದ್ದು 2001ರಲ್ಲಿ. ತರಂಗಾಂತರವು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತ ಬಳಿಕ ಖಾಸಗಿ ರೇಡಿಯೊಗೆ ದಾರಿ ತೆರೆಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈ 3ರಂದು ಪ್ರಸಾರ ಆರಂಭಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದನ್ನು ನೆನೆಯಬಹುದು. ಮೊದಲ ಹಂತದಲ್ಲಿ ಹರಾಜಿನಲ್ಲಿ ಕೂಗಿದ ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಆ ಭಾರಕ್ಕೆ ಹಲವರು ಕುಸಿದ ಮೇಲೆ, 2005ರ ಎರಡನೇ ಹಂತದಲ್ಲಿ ಒಮ್ಮೆ ಕಟ್ಟುವ ಪ್ರವೇಶ ಶುಲ್ಕ ಹಾಗೂ ಆದಾಯದ ಶೇ 4ರ ಪಾಲು ಎಂಬ ಪದ್ಧತಿ ಬಂತು. 2015ರ ಮೂರನೇ ಹಂತದ ಹರಾಜಿನಲ್ಲಿ ಬೆಂಗಳೂರಿನ ಒಂದು ತರಂಗಾಂತರದ ಬೆಲೆ ನೂರು ಕೋಟಿ ರೂಪಾಯಿ ದಾಟಿತು. ಸ್ವತಂತ್ರವಾಗಿ ಸುದ್ದಿ ಬಿತ್ತರಿಸಲು ಖಾಸಗಿ ಕೇಂದ್ರಗಳಿಗೆ ಅನುಮತಿಯಿಲ್ಲ. ಉಳಿದದ್ದು ಹಾಡು, ಹರಟೆ ಮತ್ತು ಜಾಹೀರಾತು. ಇಷ್ಟು ಹಣ ಸುರಿದ ಸಂಸ್ಥೆಯು ಯಾರೂ ಕೇಳದ ಹಾಡೊಂದನ್ನು ಹಾಕಿ, ಆ ಮೂರು ನಿಮಿಷದಲ್ಲಿ ಕೇಳುಗ ಬೇರೆ ಕೇಂದ್ರಕ್ಕೆ ಜಿಗಿಯುವ ಅಪಾಯವನ್ನು ಏಕೆ ಮೈಮೇಲೆ ಎಳೆದುಕೊಂಡೀತು? ನಿರೂಪಕಿಯ ಕೈಯಿಂದ ಹಾಡಿನ ಆಯ್ಕೆ ತಪ್ಪಿಹೋದದ್ದಕ್ಕೆ ಯಾರದೋ ದುರುದ್ದೇಶ ಕಾರಣವಲ್ಲ. ಅದು ಲೆಕ್ಕದ ಪರಿಣಾಮ.

ಕನ್ನಡದ ಅನುಭವವೂ ಇದನ್ನೇ ಹೇಳುತ್ತದೆ. ನಗರದ ಎಫ್‌ಎಂಗಳು ಆರಂಭದಲ್ಲಿ ಹಿಂದಿಯತ್ತ ವಾಲಿದ್ದಾಗ ನಾವೆಲ್ಲ ಪ್ರತಿಭಟಿಸಿದ್ದೆವು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯ ಹಾಡುಗಳಂಥವು ಕನ್ನಡಕ್ಕೂ ಮಾರುಕಟ್ಟೆಯಿದೆ ಎಂಬುದನ್ನು ತೋರಿಸಿಕೊಟ್ಟವು. ಭಾಷೆಯ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯಿತು. ಆದರೆ ಗೆದ್ದದ್ದು ಕನ್ನಡ ಚಿತ್ರಗೀತೆ. ಸಿನಿಮಾದ ಹೊರಗಿರುವ ಕನ್ನಡದ ಹಾಡು ಆ 20 ಮಂದಿಯ ಪಾಲಾಗಿಯೇ ಉಳಿಯಿತು.

ಈ ಹೊರಗುಳಿದ ಹಾಡಿನ ಇತಿಹಾಸವಾದರೂ ಸಣ್ಣದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯಿಂದ ಮೊದಲ್ಗೊಂಡು, ಪಿ. ಕಾಳಿಂಗರಾವ್, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರವರೆಗೆ ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ರೇಡಿಯೊದ ಪಾಲು ದೊಡ್ಡದು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ, ಭಾವಗೀತೆಗೆ ಕಿವಿಗೊಡುವ ಕೇಳುಗವರ್ಗವೊಂದು ಆಗಲೇ ಸಿದ್ಧವಾಗಿತ್ತು. 2008ರಲ್ಲಿ ರಘು ದೀಕ್ಷಿತ್ ಶಿಶುನಾಳ ಷರೀಫರ ಪದವನ್ನೊಳಗೊಂಡ ತಮ್ಮ ಮೊದಲ ಆಲ್ಬಂ ಹೊರತಂದರು. 2010ರಲ್ಲಿ ಬ್ರಿಟನ್ನಿನ ದೂರದರ್ಶನ ನಿರೂಪಕ ಜೂಲ್ಸ್ ಹಾಲೆಂಡ್ ತಮ್ಮ ಕಾರ್ಯಕ್ರಮಕ್ಕೆ ಅವರ ತಂಡವನ್ನು ಕರೆಸಿಕೊಂಡರು. 2011ರಲ್ಲಿ ಅಲ್ಲಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಮೀಸಲಾದ ಪ್ರಶಸ್ತಿಯನ್ನು ನೀಡಿತು. ನಮ್ಮ ನೆಲದ ತಂಡಕ್ಕೆ ಹೊರನಾಡಿನಲ್ಲಿ ಬಾಗಿಲು ತೆರೆದದ್ದು ಹೆಸರಿರುವ ಆಯ್ಕೆಗಾರರು.

ಇಲ್ಲಿ ಎಣಿಕೆ ಮತ್ತು ಆಯ್ಕೆ ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ಗೀತ್‌ಮಾಲಾದ ಪಟ್ಟಿ ಸಯಾನಿಯವರ ಸ್ವಂತ ಅಭಿರುಚಿಯಲ್ಲ. ಧ್ವನಿಮುದ್ರಿಕೆಗಳ ಮಾರಾಟ ಮತ್ತು ಶ್ರೋತೃ ಸಂಘಗಳ ಅಭಿಪ್ರಾಯವನ್ನು ಕೂಡಿಸಿ ತೆಗೆದ ಎಣಿಕೆ. ಬಿಬಿಸಿ ರೇಡಿಯೊ ಒಂದರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ನಿರೂಪಕರಾಗಿದ್ದ ಜಾನ್ ಪೀಲ್ ಅವರದು ಬೇರೆಯೇ ದಾರಿ. ತಮ್ಮ ಕಾರ್ಯಕ್ರಮದ ಹಾಡುಗಳನ್ನು ಅವರೇ ಆರಿಸುತ್ತಿದ್ದರು. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿ ಪಟ್ಟಣದ ‘ಅಂಡರ್‌ಟೋನ್ಸ್’ ಎಂಬ ಅಪರಿಚಿತ ತಂಡದ ಹಾಡನ್ನು ಒಂದಾದ ಮೇಲೊಂದರಂತೆ ಎರಡು ಬಾರಿ ಹಾಕಿದರು. ಅದನ್ನು ಕೇಳಿದ ಅಮೆರಿಕದ ಧ್ವನಿಮುದ್ರಣ ಸಂಸ್ಥೆಯ ಮುಖ್ಯಸ್ಥರೊಬ್ಬರು ಆ ಹುಡುಗರೊಂದಿಗೆ ಒಪ್ಪಂದ ಮಾಡಿಕೊಂಡರು. ಇದೇ ಪೀಲ್ 1976ರಿಂದ ವರ್ಷಾಂತ್ಯದಲ್ಲಿ ‘ಫೆಸ್ಟಿವ್ ಫಿಫ್ಟಿ’ ಎಂಬ ಐವತ್ತು ಹಾಡುಗಳ ಪಟ್ಟಿ ಪ್ರಸಾರ ಮಾಡುತ್ತಿದ್ದರು. ಅದು ಕೇಳುಗರ ಮತದಿಂದ ಆದದ್ದು. ಅವರು ತಮ್ಮ ಮೆಚ್ಚಿನ 140ಕ್ಕೂ ಹೆಚ್ಚು ಮುದ್ರಿಕೆಗಳನ್ನು ಮರದ ಪೆಟ್ಟಿಗೆಯೊಂದರಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದ ಸಂಗತಿ ಅವರ ಮರಣಾನಂತರ ಲೋಕಕ್ಕೆ ತಿಳಿಯಿತು. ಅವುಗಳಲ್ಲಿ ಜಗತ್ತು ಮರೆತೇಬಿಟ್ಟಿದ್ದ ಎಷ್ಟೋ ತಂಡಗಳ ಹಾಡುಗಳಿದ್ದವು. ಬಹುಮತದ ಪಟ್ಟಿಗೆ ಆ ಪೆಟ್ಟಿಗೆಯ ಕೆಲಸ ಮಾಡಲಾಗದು.

ಅಮೆರಿಕದ ಸಿಯಾಟಲ್ ನಗರದ ಕೆಇಎಕ್ಸ್‌ಪಿ ಕೇಂದ್ರ ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟಿದೆ. ವಿಶ್ವವಿದ್ಯಾಲಯವೊಂದರ ಸಣ್ಣ ಕೇಂದ್ರವಾಗಿ 1972ರಲ್ಲಿ ಹುಟ್ಟಿ, 2001ರಲ್ಲಿ ಈಗಿನ ಹೆಸರು ಪಡೆದ ಇದು ಮುಖ್ಯವಾಗಿ ಕೇಳುಗರ ದೇಣಿಗೆಯ ಮೇಲೆ ನಿಂತಿದೆ. ವರ್ಷಾಂತ್ಯದಲ್ಲಿ ಕೇಳುಗರ ಮತದ ಪಟ್ಟಿಯನ್ನು ಪ್ರಸಾರ ಮಾಡುವುದರ ಜೊತೆಗೆ, ಒಬ್ಬೊಬ್ಬ ನಿರೂಪಕರೂ ಆ ವರ್ಷ ತಮಗೆ ಮೆಚ್ಚಿಕೆಯಾದ ಹತ್ತು ಆಲ್ಬಂಗಳನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸುತ್ತಾರೆ. ಯಾರ ರುಚಿ ತನಗೆ ಹೊಂದುತ್ತದೆ, ಯಾರದು ಹೊಂದುವುದಿಲ್ಲ ಎಂಬುದನ್ನು ಕೇಳುಗ ಕಾಲಕ್ರಮದಲ್ಲಿ ತಿಳಿದುಕೊಳ್ಳುತ್ತಾನೆ. ನಿರೂಪಕನ ಹೆಸರೇ ಭರವಸೆಯ ಮುದ್ರೆಯಾಗುತ್ತದೆ.

ಎಣಿಕೆಯೇ ಸಾಕಲ್ಲ, ಜನರೇ ತೀರ್ಮಾನಿಸಲಿ ಎನ್ನುವವರಿದ್ದಾರೆ. ಅವರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದನ್ನು ಗಮನಿಸಬೇಕು. ಮ್ಯಾಥ್ಯೂ ಸಾಲ್ಗನಿಕ್ ಮತ್ತು ಸಂಗಡಿಗರು ಅಪರಿಚಿತ ತಂಡಗಳ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಮಂದಿಯ ಮುಂದಿಟ್ಟರು. ಕೆಲವರಿಗೆ ಹಾಡುಗಳನ್ನಷ್ಟೇ ಕೊಟ್ಟರು. ಉಳಿದವರನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ತಮ್ಮ ಗುಂಪಿನ ಎಷ್ಟು ಮಂದಿ ಯಾವ ಹಾಡನ್ನು ಇಳಿಸಿಕೊಂಡಿದ್ದಾರೆ ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡವರಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ನಡುವಿನ ಅಂತರ ಹಿಗ್ಗಿತು. ಅಷ್ಟೇ ಅಲ್ಲ, ಒಂದು ಗುಂಪಿನಲ್ಲಿ ಗೆದ್ದ ಹಾಡೇ ಮತ್ತೊಂದರಲ್ಲಿ ಗೆಲ್ಲಲಿಲ್ಲ. ಅತ್ಯುತ್ತಮವಾದವು ಪೂರ್ತಿ ಸೋತದ್ದು ಅಪರೂಪ, ತೀರ ಕಳಪೆಯವು ಗೆದ್ದದ್ದೂ ಅಪರೂಪ. ನಡುವಿನವುಗಳ ಹಣೆಬರಹ ಮಾತ್ರ ಮೊದಲು ಬಂದವರು ಯಾವುದನ್ನು ಆರಿಸಿದರು ಎಂಬ ಆಕಸ್ಮಿಕವನ್ನು ಬಹುಮಟ್ಟಿಗೆ ಅವಲಂಬಿಸಿತ್ತು. ದುಡ್ಡು ದುಡ್ಡನ್ನೇ ಸೇರುತ್ತದೆ ಎಂಬ ಮಾತು ಜನಪ್ರಿಯತೆಗೂ ಸಲ್ಲುತ್ತದೆ. ಜನರ ತೀರ್ಪೆಂದು ನಾವು ಗೌರವಿಸುವುದರಲ್ಲಿ ಎಷ್ಟೋ ಪಾಲು ಜನರು ಪರಸ್ಪರರನ್ನು ನೋಡಿ ಹಾಕಿದ ಹೆಜ್ಜೆ.

ಇಂದಿನ ಅಂತರ್ಜಾಲ ಸಂಗೀತ ಸೇವೆಗಳು ಈ ಪ್ರವೃತ್ತಿಯನ್ನು ಯಂತ್ರಕ್ಕೆ ಒಪ್ಪಿಸಿವೆ. ಅವು ಡಿಸೆಂಬರ್ ಹೊತ್ತಿಗೆ ನಮ್ಮ ಕೈಗಿಡುವ ವಾರ್ಷಿಕ ಪಟ್ಟಿ ನಾವು ಕೇಳಿದ್ದನ್ನೇ ಎಣಿಸಿ ಒಪ್ಪಿಸುವ ವರದಿ. ಕೇಳದೆ ಬಿಟ್ಟದ್ದರ ಸುದ್ದಿ ಅದರಲ್ಲಿಲ್ಲ. 2023ರ ಹೊತ್ತಿಗೆ ಜಗತ್ತಿನಾದ್ಯಂತ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಹಾಡುಗಳು ಇಂಥ ಸೇವೆಗಳಿಗೆ ಸೇರ್ಪಡೆಯಾಗುತ್ತಿದ್ದವು ಎಂಬುದು ಆ ಉದ್ಯಮದ ಲೆಕ್ಕ. ಹಾಡಿಗೆ ಕೊರತೆಯಿಲ್ಲ; ಅವುಗಳಲ್ಲಿ ಕೇಳತಕ್ಕದ್ದು ಇದು ಎಂದು ಹೇಳಿ, ಆ ಮಾತಿಗೆ ಜವಾಬ್ದಾರನಾಗಿ ನಿಲ್ಲುವ ಮನುಷ್ಯನ ಕೊರತೆಯಿದೆ.

ನಿರೂಪಕನಿಗೆ ಆಯ್ಕೆಯ ಅಧಿಕಾರ ಕೊಟ್ಟರೆ ಅದು ಲಂಚಕ್ಕೆ ದಾರಿಯಾಗದೆ? ಇದು ತಳ್ಳಿಹಾಕುವಂಥ ಆಕ್ಷೇಪವಲ್ಲ. ಅಮೆರಿಕದಲ್ಲಿ ಧ್ವನಿಮುದ್ರಣ ಕಂಪನಿಗಳು ನಿರೂಪಕರಿಗೆ ಹಣ ಕೊಟ್ಟು ಹಾಡು ಹಾಕಿಸುತ್ತಿದ್ದ ‘ಪೇಯೋಲಾ’ ಹಗರಣ 1959–60ರಲ್ಲಿ ಅಲ್ಲಿನ ಸಂಸತ್ತಿನ ವಿಚಾರಣೆಗೆ ಬಂತು. ಅಲನ್ ಫ್ರೀಡ್ ಎಂಬ ಅತಿ ಪ್ರಸಿದ್ಧ ನಿರೂಪಕನ ವೃತ್ತಿಜೀವನವೇ ಅದರಲ್ಲಿ ಮುಗಿಯಿತು. 1960ರಲ್ಲಿ ಕಾನೂನು ತಿದ್ದುಪಡಿಯಾಗಿ, ಹಣ ಪಡೆದು ಹಾಡು ಹಾಕಿದರೆ ಅದನ್ನು ಕೇಳುಗರಿಗೆ ತಿಳಿಸಬೇಕೆಂಬ ನಿಯಮ ಬಿಗಿಯಾಯಿತು. ಕೇಂದ್ರಗಳು ಇನ್ನೊಂದು ‘ಸುಧಾರಣೆ’ಯನ್ನೂ ಮಾಡಿಕೊಂಡವು: ನಿರೂಪಕರಿಂದ ಆಯ್ಕೆಯನ್ನು ಕಿತ್ತುಕೊಂಡು ಕಾರ್ಯಕ್ರಮ ಮುಖ್ಯಸ್ಥರಿಗೆ ಒಪ್ಪಿಸಿದವು.

ಅಲ್ಲಿಗೆ ಭ್ರಷ್ಟಾಚಾರ ನಿಂತಿತೆ? 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ನಡೆಸಿದ ತನಿಖೆಯ ಬಳಿಕ, ಇಂಥದೇ ಆರೋಪಗಳ ಇತ್ಯರ್ಥಕ್ಕಾಗಿ ಸೋನಿ ಬಿಎಂಜಿ ಕಂಪನಿ ಒಂದು ಕೋಟಿ ಡಾಲರ್ ತೆರಲು ಒಪ್ಪಿತು. ನಲವತ್ತೈದು ವರ್ಷಗಳಲ್ಲಿ ಆಮಿಷ ಕೆಳಗಿನ ಮೇಜಿನಿಂದ ಮೇಲಿನ ಮಹಡಿಗೆ ಏರಿತ್ತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಯಾರಿಗೂ ಇದು ಅಚ್ಚರಿಯಲ್ಲ. ವಿಷಯ ನಿರ್ವಾಹಕನ ವಿವೇಚನಾಧಿಕಾರವನ್ನು ಕಿತ್ತುಕೊಂಡರೆ ವಿವೇಚನೆ ಇಲ್ಲವಾಗುವುದಿಲ್ಲ. ಅದು ಹೆಸರು ಕಾಣದ ಜಾಗಕ್ಕೆ ಹೋಗಿ ಕುಳಿತುಕೊಳ್ಳುತ್ತದೆ. ವಿವೇಚನಾಧಿಕಾರದ ದುರುಪಯೋಗಕ್ಕೆ ಆಡಳಿತವು ಕಂಡುಕೊಂಡ ಮದ್ದು ಒಂದೇ. ತೀರ್ಮಾನದ ಪಕ್ಕದಲ್ಲಿ ಕಾರಣವನ್ನು ನಮೂದಿಸಿ ಷರಾ ಬರೆಯಬೇಕು, ಅದರ ಕೆಳಗೆ ಸಹಿ ಮಾಡಬೇಕು, ಕೇಳಿದವರಿಗೆ ಕಡತ ತೋರಿಸಬೇಕು. ನಿರೂಪಕನ ವರ್ಷಾಂತ್ಯದ ಪಟ್ಟಿ ಅಂಥದೇ ಒಂದು ಸಹಿ ಮಾಡಿದ ಷರಾ. ಈತ ವರ್ಷವಿಡೀ ಹಾಕಿದ ಹಾಡುಗಳನ್ನೂ ಮೆಚ್ಚಿದೆನೆಂದು ಹೇಳುವ ಹಾಡುಗಳನ್ನೂ ಕೇಳುಗ ಅಕ್ಕಪಕ್ಕ ಇಟ್ಟು ತಾಳೆ ನೋಡಬಹುದು.

ಹಾಗಾದರೆ ಏನು ಮಾಡಬಹುದು? ಮೊದಲ ಹೆಜ್ಜೆ ಆಕಾಶವಾಣಿಯದಾಗಬೇಕು, ಏಕೆಂದರೆ ಹರಾಜಿನ ಸಾಲ ಅದರ ತಲೆಯ ಮೇಲಿಲ್ಲ. ನಮ್ಮ ರಾಜ್ಯದ ಕೇಂದ್ರಗಳ ಒಬ್ಬೊಬ್ಬ ಉದ್ಘೋಷಕರಿಗೂ, ಗುತ್ತಿಗೆಯವರನ್ನೂ ಸೇರಿಸಿ, ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ಗಂಟೆ ಕೊಡಲಿ. ಆ ವರ್ಷ ಹೊರಬಂದ ಸಿನಿಮಾೇತರ ಕನ್ನಡ ಹಾಡುಗಳಲ್ಲಿ ಅವರಿಗೆ ಹಿಡಿಸಿದ ಹತ್ತನ್ನು, ಏಕೆ ಹಿಡಿಸಿದವೆಂಬ ಎರಡೆರಡು ಮಾತಿನೊಂದಿಗೆ, ಅವರ ಹೆಸರಿನಲ್ಲಿ ಪ್ರಸಾರ ಮಾಡಲಿ. ಕಲಬುರಗಿಯ ಪಟ್ಟಿ ಮಂಗಳೂರಿನ ಪಟ್ಟಿಯಂತಿರುವುದಿಲ್ಲ. ಹಾಗಿರದಿರುವುದೇ ಅದರ ಪ್ರಯೋಜನ. ಹಕ್ಕುಸ್ವಾಮ್ಯದ ತೊಡಕೂ ದೊಡ್ಡದಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 31ಡಿ ಪರಿಚ್ಛೇದದ ಪ್ರಕಾರ, ಪ್ರಕಟಿತ ಹಾಡನ್ನು ಪೂರ್ವಸೂಚನೆ ಕೊಟ್ಟು, ನಿಗದಿತ ರಾಯಧನ ತೆತ್ತು ರೇಡಿಯೊದಲ್ಲಿ ಪ್ರಸಾರ ಮಾಡಬಹುದು.

ಎರಡನೆಯದು ಖಾಸಗಿ ಕೇಂದ್ರಗಳಿಗೆ ಸಂಬಂಧಿಸಿದ್ದು. 2015ರಲ್ಲಿ ಮೂರನೇ ಹಂತಕ್ಕೆ ವರ್ಗಾವಣೆಗೊಂಡ ಹಳೆಯ ಪರವಾನಗಿಗಳಿಗೆ 15 ವರ್ಷದ ಅವಧಿಯಿದ್ದು, ಅವು 2030ರಲ್ಲಿ ಮುಗಿಯುತ್ತವೆ. ಮುಂದಿನ ಷರತ್ತುಗಳನ್ನು ರೂಪಿಸುವಾಗ ಶುಲ್ಕದ ಚೌಕಾಶಿಯೊಂದೇ ಸಾಲದು. ದಿನಕ್ಕೆ ಒಂದು ಗಂಟೆ ನಿರೂಪಕರ ಸ್ವಂತ ಆಯ್ಕೆಗೆ ಮೀಸಲಿಡುವ ಕೇಂದ್ರಕ್ಕೆ ಆದಾಯದ ಪಾಲಿನಲ್ಲಿ ಅಲ್ಪ ರಿಯಾಯಿತಿ ನೀಡಬಹುದು. ಐದನೆಯ ಕೇಂದ್ರ ಬರುವವರೆಗೆ ಕಾಯಬೇಕಾದ 20 ಮಂದಿಯ ಪರವಾಗಿ ಸಮಾಜ ತೆರುವ ಬೆಲೆ ಅದು. ಹಣ ಅಥವಾ ಉಡುಗೊರೆ ಪಡೆದು ಹಾಕಿದ ಹಾಡನ್ನು ಹಾಗೆಂದು ಪ್ರಕಟಿಸುವ ನಿಯಮವೂ ಜೊತೆಗಿರಬೇಕು.

ಮೂರನೆಯದು ನಮ್ಮ ಪಾಲಿನದು. ಬಿಬಿಸಿಯು ತನ್ನ ‘6 ಮ್ಯೂಸಿಕ್’ ಕೇಂದ್ರವನ್ನು ಮುಚ್ಚುವ ಪ್ರಸ್ತಾಪವನ್ನು 2010ರಲ್ಲಿ ಮುಂದಿಟ್ಟಾಗ ಕೇಳುಗರು ಸಾವಿರಾರು ಸಂಖ್ಯೆಯಲ್ಲಿ ಬರೆದು, ಬೀದಿಗಿಳಿದು, ಆ ಕೇಂದ್ರವನ್ನು ಉಳಿಸಿಕೊಂಡರು. ಆಕಾಶವಾಣಿಗೆ ಹಿಂದೆ ಪತ್ರ ಬರೆಯುತ್ತಿದ್ದ ಮಧ್ಯಮ ವರ್ಗ ಈಗ ಕಾರಿನಲ್ಲಿ ಕುಳಿತು ಕೇಂದ್ರ ಬದಲಿಸುತ್ತದೆಯೇ ಹೊರತು ಬೇಕಾದದ್ದನ್ನು ಕೇಳುವುದಿಲ್ಲ. ಕೇಳುಗ ಬಾಯಿ ತೆರೆಯದಿದ್ದರೆ ಕೇಂದ್ರಗಳು ಎಣಿಕೆಯ ಮೇಲೆಯೇ ನಡೆಯುತ್ತವೆ, ಅದಕ್ಕಾಗಿ ಅವನ್ನು ದೂರುವುದು ನ್ಯಾಯವಲ್ಲ.

ಆ ನಿರೂಪಕಿ ಹೇಳಿದ ಹತ್ತು ಹಾಡುಗಳನ್ನು ನಾನು ಬರೆದುಕೊಂಡು ಒಂದೊಂದಾಗಿ ಹುಡುಕಿ ಕೇಳಿದೆ. ಮೂರು ನನಗೆ ರುಚಿಸಲಿಲ್ಲ, ಅದನ್ನು ಆಕೆಗೆ ಹೇಳಿಯೂ ಇದ್ದೇನೆ. ತತ್ವಪದದ ಧಾಟಿಯ ಎರಡು ಹಾಡುಗಳನ್ನು ಮನೆಯಲ್ಲಿ ಈಗಲೂ ಹಾಕುತ್ತಿರುತ್ತೇವೆ. ಅವನ್ನು ಹಾಡಿದವರಿಗೆ ಇಲ್ಲೊಂದು ಮನೆಯಲ್ಲಿ ತಮ್ಮ ಹಾಡು ಕೇಳಿಸುತ್ತಿದೆ ಎಂಬುದು ಗೊತ್ತಿಲ್ಲ. ಆಕೆಗೆ ಮೈಕಿನ ಮುಂದೆ ಒಂದು ಗಂಟೆಯ ಸ್ವಾತಂತ್ರ್ಯ ಸಿಕ್ಕಿದ್ದರೆ, ಅದು ಒಂದೇ ಮನೆಯ ಮಾತಾಗಿ ಉಳಿಯುತ್ತಿರಲಿಲ್ಲ.